ದಿನಸಿ, ತರಕಾರಿ ಖರ್ಚು ಕೈ ಮೀರುತ್ತಿದೆ. ಹೊಟ್ಟೆ ಕಟ್ಟದೆ ಉಳಿಸುವುದು ಹೇಗೆ?

ನಾಲ್ಕು ಜನ, ಬಾಡಿಗೆ ಮನೆ, ದಿನಸಿ, ತರಕಾರಿ, ಹಾಲು ಎಲ್ಲ ಸೇರಿ ತಿಂಗಳಿಗೆ 13 ಸಾವಿರ ದಾಟುತ್ತಿದೆ, ಆದರೂ 25ನೇ ತಾರೀಖಿಗೆ ಡಬ್ಬಿಗಳು ಖಾಲಿ ಅಂತ ಬರೆದಿದ್ದೀರಿ. ಓದಿ ನಮ್ಮನೆಯ ಲೆಕ್ಕದ ಪುಸ್ತಕವೇ ಕಣ್ಣಮುಂದೆ ಬಂತು. ನಮ್ಮದು ಐದು ಜನ: ನಾನು, ಹೆಂಡತಿ, ಅಮ್ಮ, ಇಬ್ಬರು ಮಕ್ಕಳು. ಇರುವುದು ಬೆಂಗಳೂರಲ್ಲಿ. ಹಿಂದೆ ನಮಗೂ 14 ಸಾವಿರ ಆಗುತ್ತಿತ್ತು. ಈಗ ಹತ್ತೂವರೆ, ಹನ್ನೊಂದರಲ್ಲಿ ನಿಲ್ಲುತ್ತಿದೆ. ಬೇಸಿಗೆ ರಜೆಯಲ್ಲಿ ಮಾತ್ರ ಮತ್ತೆ ಹನ್ನೆರಡು ಮುಟ್ಟುತ್ತದೆ, ಸುಳ್ಳು ಯಾಕೆ ಹೇಳಲಿ.

ಶುರುವಾಗಿದ್ದು ಟೊಮೆಟೊದಿಂದ. 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತಲ್ಲ, ನೆನಪಿದೆಯಾ? ಪಕ್ಕದ ಕೋಲಾರದಲ್ಲಿ ಲಾರಿಗಟ್ಟಲೆ ಬೆಳೆಯುವ ಹಣ್ಣು, ನಮ್ಮ ಬೀದಿಗೆ ಬರುವಷ್ಟರಲ್ಲಿ ಬಂಗಾರ. ನಾನು ಗೊಣಗುತ್ತಲೇ ಅರ್ಧ ಕಿಲೋ, ಅರ್ಧ ಕಿಲೋ ತರುತ್ತಿದ್ದೆ. ಒಂದು ದಿನ ಅಮ್ಮನಿಗೆ ರೇಗಿತು. ನಾಗಮಂಗಲದ ಕಡೆಯವರು, ಮಾತು ನೇರ. "ಅಲ್ಲ ಕಣ್ಲಾ, ನಮ್ಮವ್ವ ಟೊಮೆಟೊ ಹಾಕಿ ಸಾರು ಮಾಡ್ತಿದ್ಲಾ? ಹುಣಸೆಹಣ್ಣು ಎಲ್ಲೋಯ್ತು?"

ಆವತ್ತು ನನಗೆ ಹೊಳೆದಿದ್ದು ಇಷ್ಟೇ. ನಾವು ಏನು ಅಡುಗೆ ಅಂತ ಮೊದಲೇ ನಿರ್ಧರಿಸಿ ಆಮೇಲೆ ಚೀಲ ಹಿಡಿಯುತ್ತಿದ್ದೆವು. ಅಮ್ಮನ ಕಾಲದವರು ಸಂತೆಯಲ್ಲಿ ಏನು ಅಗ್ಗ ಅಂತ ನೋಡಿ, ಮನೆಗೆ ಬಂದು ಅಡುಗೆ ನಿರ್ಧರಿಸುತ್ತಿದ್ದರು. ಟೊಮೆಟೊ ಬಾತು ಮಾಡಲೇಬೇಕು ಅಂತ ಹೊರಟವನಿಗೆ ಟೊಮೆಟೊ ಎಷ್ಟಾದರೂ ಕೊಡಲೇಬೇಕು. ಏನಾದರೂ ಹುಳಿ ಸಿಕ್ಕರೆ ಸಾಕು ಅನ್ನುವವನಿಗೆ ಹುಣಸೆ ಇದೆ, ನಿಂಬೆ ಇದೆ, ಏಪ್ರಿಲ್‌ನಲ್ಲಿ ಮಾವಿನಕಾಯಿ ಇದೆ, ಮಜ್ಜಿಗೆಯೂ ಇದೆ.

ಅಮ್ಮ ಆ ವಾರವೇ ಬಸ್ಸಾರಿಗೆ ಇಳಿದರು. ಮಂಡ್ಯ, ಹಾಸನ ಕಡೆಯವರಾದರೆ ನಿಮಗೆ ಹೇಳಬೇಕಿಲ್ಲ. ಗೊತ್ತಿಲ್ಲದಿದ್ದರೆ ಇದೊಂದನ್ನು ಕಲಿತುಬಿಡಿ. ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ.

ಐದು ಜನಕ್ಕೆ ನಾವು ಮಾಡುವುದು ಹೀಗೆ. ಒಂದು ಲೋಟ ಅಲಸಂದೆ ಕಾಳು ಅಥವಾ ಹುರಳಿಕಾಳು, ರಾತ್ರಿಯೇ ನೆನೆಹಾಕಿದ್ದು. ದಂಟು, ಹರಿವೆ, ಸಬ್ಬಸಿಗೆ, ಆವತ್ತು ಯಾವ ಸೊಪ್ಪು ಅಗ್ಗವೋ ಅದು ಎರಡು ಕಟ್ಟು. ಜಾಸ್ತಿ ನೀರಿಟ್ಟು ಮೊದಲು ಕಾಳು ಬೇಯಿಸಿ, ಆಮೇಲೆ ಉಪ್ಪು, ಸೊಪ್ಪು ಹಾಕಿ. ಸೊಪ್ಪು ಮೆತ್ತಗಾದ ಮೇಲೆ ನೀರು ಪೂರಾ ಬಸಿದುಕೊಳ್ಳಿ. ಈ ನೀರನ್ನು ಚೆಲ್ಲಿದಿರೋ, ಸಾರನ್ನೇ ಚೆಲ್ಲಿದ ಹಾಗೆ. ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಸ್ವಲ್ಪ ಜೀರಿಗೆ, ಮೆಣಸು ಹುರಿದು, ಅದಕ್ಕೆ ಸಾರಿನ ಪುಡಿ, ಹುಣಸೆಹಣ್ಣು, ಎರಡು ಚಮಚ ಕಾಯಿತುರಿ, ಬೆಂದ ಸೊಪ್ಪುಕಾಳು ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಹಿಡಿ ಸೊಪ್ಪುಕಾಳೇ ಸಾರಿಗೆ ಗಟ್ಟಿ ಕೊಡುವುದು, ಬೇಳೆ ಬೇಕಾಗುವುದಿಲ್ಲ. ಬಸಿದ ನೀರಿಗೆ ಹಾಕಿ ಚೆನ್ನಾಗಿ ಕುದಿಸಿ. ಉಳಿದ ಸೊಪ್ಪುಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೂ ಸೈ, ಅನ್ನಕ್ಕೂ ಸೈ. ಮಾರನೇ ದಿನ ಬಿಸಿ ಮಾಡಿದರೆ ರುಚಿ ಇನ್ನೂ ಜಾಸ್ತಿ. ಅಲ್ಲಿಗೆ ಎರಡು ಹೊತ್ತಿನ ಸಾರು ಮುಗಿಯಿತು.

ಮಸಾಲೆ ರುಬ್ಬುವಷ್ಟು ಪುರುಸೊತ್ತಿಲ್ಲದ ದಿನ ಉಪ್ಸಾರು. ಬಸಿದ ನೀರು ಹಾಗೇ ಇರಲಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ರುಬ್ಬಿ ಖಾರ ಬೇರೆ ಇಟ್ಟುಕೊಳ್ಳಿ. ತಟ್ಟೆಯಲ್ಲಿ ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಲಿ. ಟೊಮೆಟೊ ಇಲ್ಲ, ಬೇಳೆ ಇಲ್ಲ, ಕಾಯಿಯೂ ಇಲ್ಲ.

ಬೇಳೆ ವಿಷಯ ಬಂತಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ತೊಗರಿಯ ಕಣಜ ಅನ್ನಿಸಿಕೊಂಡ ಕಲಬುರಗಿಯೂ ಒಣಗಿತು. ಮರುವರ್ಷ ತೊಗರಿಬೇಳೆಗೆ ನಾನು ಕಿಲೋಗೆ 180ರ ಆಸುಪಾಸು ಕೊಟ್ಟಿದ್ದೇನೆ. ಆಗಿನಿಂದ ನಮ್ಮಲ್ಲಿ ತೊಗರಿಬೇಳೆ ವಾರಕ್ಕೆ ಎರಡೇ ದಿನ. ಉಳಿದ ದಿನ ಹೆಸರುಬೇಳೆ, ಅಲಸಂದೆ, ಹುರಳಿ. ಹುರಳಿ ಉಷ್ಣ ಅಂತ ಅಮ್ಮ ಅವತ್ತು ತಪ್ಪದೆ ಮಜ್ಜಿಗೆ ಕೊಡುತ್ತಾರೆ. ಅವರೆಕಾಯಿ ಕಾಲ ಬಂದರೆ ಬೇಳೆ ಡಬ್ಬಿ ಮುಟ್ಟುವುದೇ ಇಲ್ಲ.

ಕಾಯಿ ದುಬಾರಿಯಾದಾಗ ನಮ್ಮನ್ನು ಉಳಿಸಿದ್ದು ಹೆಂಡತಿಯ ತವರು. ಅವಳು ಗದಗದ ಕಡೆಯವಳು. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ನಾನು, ಅಮ್ಮ ಇಬ್ಬರೂ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು, ಹಳೇ ಮೈಸೂರಿನವರಿಗೆ ಕಾಯಿ ಇಲ್ಲದ ಅಡುಗೆ ಅಂದರೆ ಅಡುಗೆಯೇ ಅಲ್ಲ. ಅವಳು ನಕ್ಕು ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮೂರು ಡಬ್ಬಿ ತುಂಬಿಸಿದಳು. ದೋಸೆಗೆ, ರೊಟ್ಟಿಗೆ, ಮೊಸರನ್ನಕ್ಕೆ ಅವೇ. ತರಕಾರಿ ಮುಗಿದ ದಿನ ಝುಣಕ. ಕಡಲೆಹಿಟ್ಟು, ಈರುಳ್ಳಿ, ಒಗ್ಗರಣೆ, ಹದಿನೈದು ನಿಮಿಷ. ಜೋಳದ ರೊಟ್ಟಿ ತಟ್ಟಲು ನನಗೆ ಇನ್ನೂ ಬರುವುದಿಲ್ಲ, ನನ್ನದು ಭೂಪಟದ ಆಕಾರಕ್ಕೇ ನಿಲ್ಲುತ್ತದೆ.

ಸಿಪ್ಪೆಗಳ ಬಗ್ಗೆಯೂ ಕೇಳಿದ್ದೀರಿ. ಹೀರೆಕಾಯಿ ಸಿಪ್ಪೆ ಚಟ್ನಿ ಮಾಡುತ್ತೇವೆ, ಮೂಲಂಗಿ ಸೊಪ್ಪು, ನವಿಲುಕೋಸಿನ ಸೊಪ್ಪು ಪಲ್ಯಕ್ಕೆ ಹೋಗುತ್ತದೆ, ಕಲ್ಲಂಗಡಿಯ ಬಿಳಿ ಭಾಗ ದೋಸೆ ಹಿಟ್ಟಿಗೆ. ರುಚಿಯಾಗಿರುತ್ತದೆ, ಮಾಡಿ. ಆದರೆ ಇದರಿಂದ ತಿಂಗಳಿಗೆ ನೂರಿನ್ನೂರು ಉಳಿದರೆ ಹೆಚ್ಚು. ಸಾವಿರಗಳು ಸೋರುತ್ತಿದ್ದ ಜಾಗ ಬೇರೆ ಇತ್ತು.

ಒಂದು ತಿಂಗಳು ಪ್ರತಿ ರೂಪಾಯಿ ಬರೆದಿಟ್ಟೆವು. ಊಟದ ಖರ್ಚು ನಾನು ಅಂದುಕೊಂಡಷ್ಟು ಇರಲಿಲ್ಲ. ಸಂಜೆ ಆರು ಗಂಟೆಯದೇ ಜಾಸ್ತಿ! ಬಿಸ್ಕತ್ತು, ಚಿಪ್ಸು, ಬ್ರೆಡ್ಡು, ಪ್ಯಾಕೆಟ್ ದೋಸೆ ಹಿಟ್ಟು, ಹತ್ತು ನಿಮಿಷದಲ್ಲಿ ಮನೆಗೆ ಬರುವ ಐಸ್‌ಕ್ರೀಮು. ಕೊತ್ತಂಬರಿ ಸೊಪ್ಪು ಬೇಕು ಅಂತ ಫೋನ್ ತೆಗೆದರೆ, ಡೆಲಿವರಿ ಚಾರ್ಜು ತಪ್ಪಿಸಲು ಇನ್ನೂರು ರೂಪಾಯಿ ಸಾಮಾನು ಸೇರಿಸುತ್ತಿದ್ದೆ. ಇದಕ್ಕೆ ಬೆಲೆ ಏರಿಕೆ ಕಾರಣ ಅಲ್ಲ, ನಾನೇ ಕಾರಣ. ಆಪ್ ತೆಗೆದುಹಾಕಿದೆ. ಭಾನುವಾರ ಹಿಟ್ಟು ರುಬ್ಬುತ್ತೇವೆ, ಮೂರು ಲೋಟ ದೋಸೆ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಮೊದಲೆರಡು ದಿನ ಇಡ್ಲಿ, ಆಮೇಲೆ ದೋಸೆ, ಹುಳಿ ಬಂದ ಕೊನೆಯ ಹಿಟ್ಟು ಈರುಳ್ಳಿ ಹಾಕಿ ಪಡ್ಡು. ಸಂಜೆಗೆ ಕಡಲೆಪುರಿ ಒಗ್ಗರಣೆ, ಬೇಯಿಸಿದ ಕಡಲೆಕಾಯಿ. ಕರಿದ ತಿಂಡಿ ಹಬ್ಬಕ್ಕೆ ಮಾತ್ರ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿದಾಗಿನಿಂದ ಈ ನಿಯಮ ಬಂತು.

"ಸಗಟಿನಲ್ಲಿ ತಗೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ. ಅಕ್ಕಿ, ರಾಗಿಗೆ ಸರಿ. ನಾನು ಅದೇ ಉಮೇದಿನಲ್ಲಿ ಐದು ಕಿಲೋ ರವೆ ತಂದೆ, ಹುಳ ಬಂತು. ಮಳೆಗಾಲದಲ್ಲಿ ಹತ್ತು ಕಿಲೋ ಈರುಳ್ಳಿ ತಂದೆ, ಮೂರು ಕಿಲೋ ಕೊಳೆಯಿತು. ಕೆ.ಆರ್. ಮಾರ್ಕೆಟ್‌ಗೆ ಆಟೋದಲ್ಲಿ ಹೋದರೆ ಉಳಿದ ದುಡ್ಡು ಆಟೋಗೇ ಸಮ. ಆದರೆ ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ, ಪಕ್ಕದ ಮನೆಯ ಆಂಟಿ ಜೊತೆ ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಾರೆ. ಅದು ಖರೀದಿಗಿಂತ ಹೆಚ್ಚಾಗಿ ಅವರ ಪಿಕ್‌ನಿಕ್. ನಾನು ರಾತ್ರಿ ಎಂಟರ ಮೇಲೆ ನಮ್ಮ ರಸ್ತೆಯ ತಳ್ಳುಗಾಡಿಗೆ ಹೋಗುತ್ತೇನೆ. ಅಷ್ಟೊತ್ತಿಗೆ ಬದನೆಕಾಯಿ, ಬೀನ್ಸ್ ಗುಡ್ಡೆ ಲೆಕ್ಕದಲ್ಲಿ ಸಿಗುತ್ತವೆ. ಸೊಪ್ಪು ಮಾತ್ರ ಬೆಳಗ್ಗೆಯೇ ತಗೊಳ್ಳಿ, ರಾತ್ರಿಯ ಸೊಪ್ಪು ಅರ್ಧ ಕಸ.

ಹಾಲು, ಮೊಟ್ಟೆಗೆ ಕೈ ಹಾಕಲಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ದಿನಕ್ಕೆ ಒಂದೂವರೆ ಲೀಟರ್ ಲೆಕ್ಕದಲ್ಲಿ ತಿಂಗಳಿಗೆ 180 ರೂಪಾಯಿ. ಮಕ್ಕಳ ಲೋಟದಲ್ಲಿ ಅಷ್ಟು ಕಡಿಮೆ ಮಾಡುವ ಬದಲು ನಾನು ಆಫೀಸಿನ ಕೆಳಗಿನ ಅಂಗಡಿಯ ಸಂಜೆ ಕಾಫಿ ಬಿಟ್ಟೆ. ಮೊಸರು ಮನೆಯಲ್ಲೇ ಹೆಪ್ಪು ಹಾಕುತ್ತೇವೆ.

ಕೊನೆಗೆ, "ಮಕ್ಕಳು ಇದನ್ನೆಲ್ಲ ತಿಂತಾರಾ?" ಅಂತ ಕೇಳಿದ್ದೀರಿ. ದೊಡ್ಡವಳು ತಿನ್ನುತ್ತಾಳೆ. ಚಿಕ್ಕವನು ಮುದ್ದೆ ಕಂಡರೆ ಎದ್ದು ಓಡುತ್ತಾನೆ, ಬಸ್ಸಾರು ಅಂದರೂ ಮುಖ ಸಿಂಡರಿಸುತ್ತಾನೆ. ಅದೇ ಸಾರನ್ನು ಅನ್ನಕ್ಕೆ ಕಲಸಿ, ಮೇಲೆ ಒಂದು ಹಪ್ಪಳ ಇಟ್ಟು, ಸಾಂಬಾರ್ ಅಂತ ಹೇಳಿ ಕೊಡುತ್ತೇವೆ. ಮೊನ್ನೆ ಎರಡನೇ ಸಲ ಹಾಕಿಸಿಕೊಂಡ. ಇನ್ನೂ ಗೊತ್ತಾಗಿಲ್ಲ.