ಓದುಗರ ಪ್ರಶ್ನೆ: ಕಡಲಲ್ಲಿ ಎಣ್ಣೆ ಚೆಲ್ಲಿದ್ರೆ ಬರೋದು ಯಾರು?

ಪ್ರಶ್ನೆ: ಮಳೆಗಾಲ ಶುರುವಾಗೋ ಹೊತ್ತಿಗೆ ನಮ್ಮ ಬೀಚಲ್ಲಿ ಡಾಂಬರು ಉಂಡೆ ಬಂದು ಬೀಳ್ತವೆ. ಪಂಚಾಯ್ತಿಲಿ ಕೇಳಿದ್ರೆ ಬಂದರು ಇಲಾಖೆ ಅಂತಾರೆ, ಅಲ್ಲಿ ಹೋದ್ರೆ ಕೋಸ್ಟ್ ಗಾರ್ಡ್ ಕೇಳಿ ಅಂತಾರೆ. ನಿಜವಾಗ್ಲೂ ಇದು ಯಾರ ಕೆಲ್ಸ?
– ಓದುಗರೊಬ್ಬರು, ಕಾರವಾರ

ಉತ್ತರ: ಎಣ್ಣೆ ಎಲ್ಲಿದೆ ಅನ್ನೋದ್ರ ಮೇಲೆ ಹೊಣೆ ಬದಲಾಗತ್ತೆ ಸ್ವಾಮಿ. ನಡುಕಡಲಲ್ಲಿದ್ರೆ ಕೋಸ್ಟ್ ಗಾರ್ಡ್, ಬಂದರಿನ ಎಲ್ಲೆ ಒಳಗಿದ್ರೆ ಆ ಬಂದರಿನವ್ರು, ಮರಳಿಗೆ ಬಂದು ಬಿತ್ತು ಅಂದ್ರೆ ರಾಜ್ಯ ಸರ್ಕಾರ, ಅಂದ್ರೆ ಡಿಸಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ. ಎಲ್ಲರನ್ನೂ ಜೋಡಿಸೋಕೆ ರಾಷ್ಟ್ರೀಯ ಯೋಜನೆ ಒಂದಿದೆ, ಅದರ ಯಜಮಾನಿಕೆ ಕೋಸ್ಟ್ ಗಾರ್ಡ್‌ದು. ಕಾಗದದ ಮೇಲೆ ಚೆನ್ನಾಗೇ ಇದೆ, ಆದ್ರೆ ನೀರಿಂದ ಮರಳಿಗೆ ದಾಟೋ ಜಾಗದಲ್ಲೇ ಫೈಲು ಸಿಕ್ಕಾಕ್ಕೊಳ್ಳೋದು.

2022ರ ಜೂನ್‌ನಲ್ಲಿ ಉಳ್ಳಾಲದ ಹತ್ರ ಪ್ರಿನ್ಸೆಸ್ ಮಿರಾಲ್ ಮುಳುಗಿದ್ದು ನೆನಪಿರಬಹುದು, ಉಕ್ಕಿನ ಹಾಳೆ ಸುರುಳಿ (ಕಾಯಿಲ್) ಹೊತ್ತಿದ್ದ ಹಡಗು, ಒಳಗೆ ಸುಮಾರು 220 ಟನ್ ಇಂಧನ. ಕೋಸ್ಟ್ ಗಾರ್ಡ್‌ನವ್ರು ಮೊದ್ಲು 15 ಜನ ಸಿರಿಯಾದ ಸಿಬ್ಬಂದಿನ ಇಳಿಸಿದ್ರು, ಆಮೇಲೆ ಸಮುದ್ರ ಪಾವಕ್ ಅನ್ನೋ ಮಾಲಿನ್ಯ ತಡೆಯೋ ಹಡಗು ಕರೆಸಿದ್ರು, ವಿಮಾನ ಹಾರಿಸಿ ನೀರಿನ ಮೇಲೆ ಎಣ್ಣೆ ಪದರ ಇದ್ಯಾ ಅಂತ ನೋಡ್ತಿದ್ರು. ಚೆಲ್ಲಿದ ಎಣ್ಣೆ ಯಾವ ಕಡೆ ತೇಲತ್ತೆ ಅಂತ ಲೆಕ್ಕ ಹಾಕಿ ಕೊಡೋದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ.

ಎಣ್ಣೆ ಹರಡದ ಹಾಗೆ ಹಾಕೋ ತೇಲುಬೇಲಿಗೆ ಬೂಮ್ ಅಂತಾರೆ, ಅದ್ರೊಳಗಿಂದ ಎಣ್ಣೆ ಎತ್ತೋ ಯಂತ್ರ ಸ್ಕಿಮ್ಮರ್. ಎರಡೂ ಶಾಂತ ನೀರಿನ ಸಾಮಾನು, ನಮ್ಮ ಆಷಾಢದ ಕಡಲಲ್ಲಿ ಅಲೆ ಬೂಮ್ ಮೇಲಿಂದಾನೇ ಎಣ್ಣೆ ದಾಟಿಸಿಬಿಡತ್ತೆ. ಇನ್ನು ರಾಸಾಯನಿಕ ಸಿಂಪಡಿಸಿದ್ರೆ ಎಣ್ಣೆ ಮಾಯ ಆಗಲ್ಲ, ಸಣ್ಣ ಹನಿಯಾಗಿ ನೀರಲ್ಲಿ ಬೆರೀತದೆ, ಹಾಗಾಗಿ ದಡದ ಹತ್ರ, ಮೀನು ಮೊಟ್ಟೆ ಇಡೋ ಕಡೆ ಅದು ಬೇಡವೇ ಬೇಡ. ನನ್ನ ಕೇಳಿದ್ರೆ ಚೆಲ್ಲೋಕೆ ಮುಂಚೆ ಟ್ಯಾಂಕಿನ ಬಾಯಿ ಮುಚ್ಚಿಸೋದೇ ಅರ್ಧ ಕೆಲ್ಸ.

ನಿಮ್ಮೂರಿನ ಉಂಡೆ ಮಾತ್ರ ಬೇರೆ ತಲೆನೋವು. ಎಲ್ಲೋ ದೂರದಲ್ಲಿ ಸೋರಿದ್ದೋ, ಟ್ಯಾಂಕ್ ತೊಳೆದು ಬಿಟ್ಟಿದ್ದೋ ಎಣ್ಣೆ ಬಿಸಿಲಿಗೆ, ಅಲೆಗೆ ಗಟ್ಟಿಯಾಗಿ ಬರತ್ತೆ, ಯಾವ ಹಡಗಿಂದು ಅಂತ ಹಿಡಿಯೋದು ಕಷ್ಟ.

ಪ್ರಶ್ನೆ: ಬಲೆ ಹಾಳಾದ್ರೆ, ಮೀನುಗಾರಿಕೆ ನಿಂತ್ರೆ ದುಡ್ಡು ಯಾರು ಕೊಡ್ತಾರೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ಹಡಗಿನ ಮಾಲೀಕರು, ಅವರ ವಿಮೆ. ಆದ್ರೆ ತಾನಾಗೇ ಬರಲ್ಲ. 2025ರ ಮೇನಲ್ಲಿ ಕೊಚ್ಚಿ ಹತ್ರ ಎಂಎಸ್‌ಸಿ ಎಲ್ಸಾ 3 ಅನ್ನೋ ಹಡಗು ಮುಳುಗಿದಾಗ ಕೇರಳ ಸರ್ಕಾರ 9,531 ಕೋಟಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯ್ತು, ಕೋರ್ಟು ವಿಳಿಂಜಂನಲ್ಲಿದ್ದ ಅದೇ ಕಂಪನಿಯ ಇನ್ನೊಂದು ಹಡಗನ್ನೇ ಅರೆಸ್ಟ್ ಮಾಡಿಸ್ತು! ಹೌದು, ಹಡಗನ್ನೂ ಅರೆಸ್ಟ್ ಮಾಡಬಹುದು, ಅಂದ್ರೆ ಬಂದರು ಬಿಟ್ಟು ಹೋಗದ ಹಾಗೆ ತಡೆಯೋದು. ನಿಮ್ಮ ಕಡೆಯಿಂದ ಬೇಕಾಗೋದು ಪುರಾವೆ: ದಿನಾಂಕ, ಜಿಪಿಎಸ್ ಜಾಗ, ಬಲೆಯ ಫೋಟೋ, ಮೀನು ಮಾರಿದ ಹಳೆ ಬಿಲ್ಲುಗಳು. ಎಣ್ಣೆ ಕಂಡ ತಕ್ಷಣ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ, ಮೀನುಗಾರಿಕೆ ಇಲಾಖೆಗೆ ಬರವಣಿಗೆಯಲ್ಲೇ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ.