ಅಳಿಲು ಸೇವೆಯ ಮೂಲ

ಪ್ರಶ್ನೆ: ‘ನನ್ನದೊಂದು ಅಳಿಲು ಸೇವೆ’ ಎನ್ನುತ್ತೇವಲ್ಲ, ಈ ಮಾತು ವಾಲ್ಮೀಕಿ ರಾಮಾಯಣದ್ದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ರಾಮಕಥೆಯದು ನಿಜ, ಆದರೆ ವಾಲ್ಮೀಕಿಯದಲ್ಲ. ನಳನ ಮುಂದಾಳ್ತನದಲ್ಲಿ ವಾನರರು 100 ಯೋಜನದ ಸೇತುವೆಯನ್ನು 5 ದಿನಗಳಲ್ಲಿ ಕಟ್ಟಿದ ಬಗೆಯನ್ನು ಯುದ್ಧಕಾಂಡ ವಿವರವಾಗಿ ಹೇಳಿದರೂ ಅಲ್ಲಿ ಅಳಿಲಿನ ಸುಳಿವಿಲ್ಲ. ನಿಮ್ಮ ಜಿಲ್ಲೆಯ ಮೇಲುಕೋಟೆಯಲ್ಲಿ ಶ್ರೀವೈಷ್ಣವರು ಪಾರಾಯಣ ಮಾಡುವ ದಿವ್ಯಪ್ರಬಂಧದಲ್ಲಿ, ಎಂದರೆ ಆಳ್ವಾರರೆಂಬ ವಿಷ್ಣುಭಕ್ತ ಕವಿಗಳ ತಮಿಳು ಪದ್ಯಗಳ ಸಂಗ್ರಹದಲ್ಲಿ, ಅದು ಸಿಗುತ್ತದೆ. ವಾನರರು ಬೆಟ್ಟಗಳನ್ನು ನೂಕುತ್ತಿದ್ದಾಗ ನೀರಿನಲ್ಲಿ ಮುಳುಗಿ, ಹೊರಳಿ, ಓಡಿ ಕಡಲನ್ನೇ ತುಂಬಲು ಹೊರಟ ಕಪಟವಿಲ್ಲದ ಅಳಿಲುಗಳನ್ನು ಅದರ ‘ತಿರುಮಾಲೈ’ ಎಂಬ ಭಾಗದಲ್ಲಿ ನೆನೆಯುವ ತೊಂಡರಡಿಪ್ಪೊಡಿ ಆಳ್ವಾರರು, ತಾವು ಅವುಗಳಷ್ಟೂ ಆಗಲಿಲ್ಲವಲ್ಲ ಎಂದು ಮರುಗುತ್ತಾರೆ. ಆದ್ದರಿಂದ ‘ಚಿಕ್ಕ ಕೆಲಸ’ ಎಂದಷ್ಟೇ ಅರ್ಥ ಹೇಳಿದರೆ ಸಾಲದು. ಶಕ್ತಿ ಕಿರಿದಾದರೂ ನಿಷ್ಕಪಟವಾಗಿ ಸಲ್ಲಿಸಿದ ಸೇವೆ ಎಂಬುದೇ ಅದರ ತಿರುಳು. ಇದು ತನ್ನ ನೆರವನ್ನು ಕುರಿತ ವಿನಯದ ನುಡಿಯಾದುದರಿಂದ, ಇನ್ನೊಬ್ಬರ ಕೊಡುಗೆಯನ್ನು ಹೀಗೆ ಕರೆಯುವುದು ನನಗೆ ಸರಿಯೆನಿಸುವುದಿಲ್ಲ.