ಬೆಂಗಳೂರಿನ ಕೆರೆಯ ಹೂಳಿನಿಂದ 500 ವರ್ಷದ ಇತಿಹಾಸ ತಿಳಿಯಬೇಕು. ಹೂಳಿನ ವಯಸ್ಸು ಅಳೆಯಲು ಕಾರ್ಬನ್-14 ಪರೀಕ್ಷೆ ಮಾಡಿಸಲೋ, ಲೆಡ್-210 ಪರೀಕ್ಷೆ ಮಾಡಿಸಲೋ?

ನಾನೂ ಇದೇ ಪ್ರಶ್ನೆ ಹೊತ್ತು ಕೆರೆಗೆ ಇಳಿದವನೇ. ಕೆಲಸ ಕೆಟ್ಟಿದ್ದು ಮಾತ್ರ ಲ್ಯಾಬಿನಲ್ಲಲ್ಲ, ಲಗೇಜ್ ಆಟೊದಲ್ಲಿ.

75 ಮಿ.ಮೀ. ಪಿವಿಸಿ ಪೈಪಿನಲ್ಲಿ 90 ಸೆಂ.ಮೀ. ಹೂಳು ಚೆನ್ನಾಗಿಯೇ ಬಂದಿತ್ತು. ಎರಡೂ ಕಡೆ ಮುಚ್ಚಳ ಹಾಕಿ, ಟೇಪ್ ಸುತ್ತಿ, ಗಾಡಿಯಲ್ಲಿ ಅಡ್ಡ ಮಲಗಿಸಿದೆ. ಅದೇ ತಪ್ಪು. ಕೆಳಗಿನ ಜೇಡಿ ಗಟ್ಟಿ, ಅಲುಗುವುದಿಲ್ಲ. ಮೇಲಿನ ಒಂದು ಗೇಣು ರಾಗಿ ಅಂಬಲಿಯ ಹಾಗೆ, ಬಹುಪಾಲು ನೀರೇ. ಅದರ ಮೇಲೆ ನಾಲ್ಕು ಬೆರಳು ಕೆರೆ ನೀರನ್ನೂ ಹಾಗೇ ಬಿಟ್ಟಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ ಆ ನೀರು ಕುಲುಕಿ ಅಂಬಲಿಯನ್ನು ಕದಡಿತು. ಒಂದೊಂದು ಸೆಂ.ಮೀ. ಹೋಳು ಮಾಡಿ ಅಳೆಸಿದರೆ, ಲೆಡ್-210 ಮೇಲಿನ 14 ಹೋಳಿನಲ್ಲೂ ಒಂದೇ ಮಟ್ಟ. ಅದು ಗಾಳಿಯಿಂದ ಹೂಳಿಗೆ ಬೀಳುವ ವಿಕಿರಣಶೀಲ ಸೀಸ, ವರ್ಷ ಕಳೆದಂತೆ ಕ್ಷಯಿಸುತ್ತದೆ, ಹಾಗಾಗಿ ಆಳಕ್ಕೆ ಹೋದಂತೆ ಇಳಿಯಬೇಕಿತ್ತು. ಹುಳು ಕೆದಕಿದರೂ, ಜೆಸಿಬಿ ಮಗುಚಿದರೂ ಗ್ರಾಫ್ ಹೀಗೇ ಬರುತ್ತದೆ. ಕದಡಿದ್ದು ಕೆರೆಯಲ್ಲೋ ಗಾಡಿಯಲ್ಲೋ ಅಂತ ಆಮೇಲೆ ಯಾರೂ ಹೇಳಲಾರರು. ಕೊಳಚೆ ನೀರು ಬಂದ ಮೇಲಿನ ಲೆಕ್ಕವೆಲ್ಲ ಇದ್ದಿದ್ದೇ ಆ ಗೇಣಿನಲ್ಲಿ!

ಪೈಪನ್ನು ನೆಟ್ಟಗೇ ಇಡಿ. ಹೂಳಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಸಣ್ಣ ತೂತು ಕೊರೆದು ನೀರು ಬಸಿಯಿರಿ. ಹೂವಿನ ಬೊಕ್ಕೆ ಅಂಗಡಿಯ ಹಸಿರು ಸ್ಪಂಜನ್ನು ದುಂಡಗೆ ಕತ್ತರಿಸಿ ಹೂಳಿನ ಮೇಲೆ ಮೆಲ್ಲಗೆ ಕೂರಿಸಿ, ಉಳಿದ ಪೈಪನ್ನು ಆಕ್ಸೋ ಬ್ಲೇಡಿನಲ್ಲಿ ಕೊಯ್ದುಬಿಡಿ. ಇನ್ನೂ ಒಳ್ಳೆಯದೆಂದರೆ, ಕೆಳಗಿನಿಂದ ಪಿಸ್ಟನ್ ತಳ್ಳಿ ಮೇಲಿನ 20 ಸೆಂ.ಮೀ.ಯನ್ನು ಏರಿಯ ಮೇಲೇ ಹೋಳು ಮಾಡಿ ಜಿಪ್ ಕವರಿಗೆ ಹಾಕುವುದು. ಪೈಪ್ ಇಳಿಸಿದಾಗ ಹೂಳಿನ ಮಟ್ಟ ಒಳಗೆಷ್ಟು, ಹೊರಗೆಷ್ಟು ಅಂತ ಅಳೆದು ಬರೆದುಕೊಳ್ಳಿ, ಒಳಗಿನದು ಕುಸಿದಿರುತ್ತದೆ.

ಇನ್ನು ನಿಮ್ಮ 500 ವರ್ಷ. ಅದನ್ನು ಬಿಟ್ಟುಬಿಡಿ. ನಮ್ಮವು ಏರಿ ಹಾಕಿ ಕಟ್ಟಿದ ಕೆರೆಗಳು, ತಾನಾಗಿ ಆದ ಸರೋವರಗಳಲ್ಲ. ಸ್ಯಾಂಕಿ ಕೆರೆ ಕಟ್ಟಿದ್ದೇ 1882ರಲ್ಲಿ. ಅದಕ್ಕೂ ಹಿಂದಿನದು ಹುಡುಕಿದರೆ ಸಿಗುವುದು ಬರೀ ಹಳೆಯ ನೆಲ. ಹಳೆಯ ಕೆರೆಗಳಲ್ಲೂ ಬೇಸಿಗೆಯಲ್ಲಿ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು, ಇಟ್ಟಿಗೆಗೂ ಒಯ್ಯುತ್ತಿದ್ದರು. ಬೆಳ್ಳಂದೂರು, ವರ್ತೂರಿನಲ್ಲಂತೂ ಈಚೆಗೆ ಯಂತ್ರ ಇಳಿಸಿಯೇ ಹೂಳೆತ್ತಿದ್ದಾರೆ. ಪುಸ್ತಕದ ನಡುವಿನ ಹಾಳೆ ಕಿತ್ತುಹೋಗಿರುವಾಗ ಪುಟಸಂಖ್ಯೆ ಹಾಕುವ ವಿಧಾನ ಕೇಳಿ ಏನು ಪ್ರಯೋಜನ?

ನನ್ನ ಮಾತು ಕೇಳುವುದಾದರೆ ಲೆಡ್-210 ಮಾಡಿಸಿ. ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯುವ ಕಾಲ, ಸುಮಾರು 22 ವರ್ಷ, ಹಾಗಾಗಿ 100–150 ವರ್ಷಕ್ಕೆ ಸಾಕು. ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137ರ 1963ರ ಏರಿಕೆ ಕಂಡರೆ ತಾಳೆ ನೋಡಬಹುದು, ಆದರೆ ನಮ್ಮ ಕಡೆ ಅದು ಮಂಕು. ಕಾರ್ಬನ್-14 ಬೇಕೇ ಬೇಕೆಂದರೆ ಬೀಜ, ಎಲೆಚೂರು ಆರಿಸಿ ಕೊಡಿ. ಇಡೀ ಹೂಳು ಕೊಟ್ಟರೆ ಹೊಲದಿಂದ ಕೊಚ್ಚಿಬಂದ ಹಳೆಯ ಇಂಗಾಲ ಸೇರಿ, ವಯಸ್ಸು ಜಾಸ್ತಿ ಬರುತ್ತದೆ.

ಜಾಗ ಆರಿಸುವಾಗ ರಾಜಕಾಲುವೆಯ ಬಾಯಿ ಬೇಡ, ಬರೀ ಮರಳು. ತೂಬಿನ ಹತ್ತಿರವೂ ಬೇಡ, ನೀರಿನ ಸೆಳೆತಕ್ಕೆ ಕೊರೆದಿರುತ್ತದೆ. ಪೈಪ್ ಕೊಳ್ಳುವ ಮೊದಲು ಊರಿನ ಹಿರಿಯರ ಹತ್ತಿರ ಕೂತು, ಯಾವ ಮೂಲೆಯ ಮಣ್ಣು ಯಾರೂ ಮುಟ್ಟಿಲ್ಲ ಅಂತ ಕೇಳಿಕೊಂಡು ಬನ್ನಿ.